ಬೇಬಿ ಮೂವ್ಸ್ ಆ್ಯಪ್: ಚಿತ್ರೀಕರಣಕ್ಕೆ ಪೂರ್ತಿ ಅಂಕ, ಯಂತ್ರದ ತೀರ್ಪಿಗೆ ಅರ್ಧ

ಮೆಲ್ಬರ್ನ್‌ನ ಮರ್ಡಾಕ್ ಮಕ್ಕಳ ಸಂಶೋಧನಾ ಸಂಸ್ಥೆಯ ‘ಬೇಬಿ ಮೂವ್ಸ್’ ಆ್ಯಪ್‌ನ ಕೆಲಸ ಸರಳ. ತೀರಾ ಬೇಗ ಹುಟ್ಟಿದ ಮಗುವನ್ನು ತಂದೆತಾಯಿ ಮನೆಯಲ್ಲೇ ಮೂರು ನಿಮಿಷ ಚಿತ್ರೀಕರಿಸುತ್ತಾರೆ. ವಿಡಿಯೊ ಸುರಕ್ಷಿತ ಸರ್ವರ್‌ಗೆ ಹೋಗುತ್ತದೆ, ತರಬೇತಾದ ಪರಿಣತರು ಅದನ್ನು ನೋಡುತ್ತಾರೆ. ಅಧ್ಯಯನಕ್ಕೆಂದು ಮಾಡಿದ ಆ್ಯಪ್ ಇದು. ಇಳಿಸಿಕೊಂಡ ತಕ್ಷಣ ಫಲಿತಾಂಶ ಕೊಡುವ ಆಟಿಕೆಯಲ್ಲ.

ನೋಡುವುದು ಏನನ್ನು? ವೈದ್ಯ ಹೈಂಜ್ ಪ್ರೆಕ್ಟ್ಲ್ ರೂಪಿಸಿದ ‘ಜನರಲ್ ಮೂವ್‌ಮೆಂಟ್ಸ್’ (ಜಿಎಂ) ಪರೀಕ್ಷೆಯ ಪ್ರಕಾರ, ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಿದರೆ ಸುಮಾರು 9ರಿಂದ 20 ವಾರದೊಳಗೆ ಕುತ್ತಿಗೆ, ಮುಂಡ, ಕೈಕಾಲುಗಳಲ್ಲಿ ಎಲ್ಲ ದಿಕ್ಕಿಗೂ ಸಣ್ಣ ಸಣ್ಣ ಮಿಸುಕಾಟ ಎಡೆಬಿಡದೆ ಕಾಣಬೇಕು. ಇದನ್ನು ಫಿಜೆಟಿ ಚಲನೆ ಎನ್ನುತ್ತಾರೆ. ಮಗು ಜೋರಾಗಿ ಒದೆಯುವುದು ಬೇರೆ, ಇದು ಬೇರೆ. ಈ ಮಿಸುಕಾಟ ಇಲ್ಲವೇ ಇಲ್ಲ ಎಂದಾದರೆ ಸೆರೆಬ್ರಲ್ ಪಾಲ್ಸಿಯ, ಅಂದರೆ ಎಳೆಯ ಮೆದುಳಿಗಾದ ಪೆಟ್ಟಿನಿಂದ ಕೈಕಾಲಿನ ಚಲನೆ ಹಿಡಿತ ತಪ್ಪುವ ತೊಂದರೆಯ, ಸಾಧ್ಯತೆ ಹೆಚ್ಚು.

ಆ್ಯಪ್‌ನ ನಿಜವಾದ ಜಾಣತನ ಎರಡು ಕಡೆ ಇದೆ. ಮೊದಲನೆಯದು ವೇಳೆ: ತಿದ್ದಿದ ವಯಸ್ಸಿನ (ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಿದ ವಯಸ್ಸು) 12ನೇ ವಾರದ ಹೊತ್ತಿಗೆ ಒಂದು ವಿಡಿಯೊ, 14ನೇ ವಾರದ ಹೊತ್ತಿಗೆ ಇನ್ನೊಂದು. ಎಡವುವುದು ಬಹಳಷ್ಟು ಸಲ ಈ ಲೆಕ್ಕದಲ್ಲೇ. 28 ವಾರಕ್ಕೆ ಹುಟ್ಟಿದ ಮಗು 12 ವಾರ ಮುಂಚೆ ಬಂದಿದೆ. ಅದರ ತಿದ್ದಿದ ವಯಸ್ಸು 12 ವಾರ ಆಗುವಾಗ ಹುಟ್ಟಿ 24 ವಾರ ಆಗಿರುತ್ತದೆ. ಹುಟ್ಟಿದ ದಿನದಿಂದ ಎಣಿಸಿ ಮೂರನೇ ತಿಂಗಳಿಗೇ ಚಿತ್ರೀಕರಿಸಿದರೆ ಆ ಚಲನೆ ಇನ್ನೂ ಶುರುವೇ ಆಗಿರುವುದಿಲ್ಲ. ಎರಡನೆಯದು ಪರದೆಯ ಮೇಲೆ ಕಾಣುವ ಮಗುವಿನ ರೇಖಾಕೃತಿ. ಅದರೊಳಗೆ ಮಗು ಸರಿಯಾಗಿ ಹೊಂದುವಂತೆ ಫೋನ್ ಹಿಡಿದರೆ ತಲೆಯಿಂದ ಪಾದದವರೆಗೆ ಎಲ್ಲವೂ ಚೌಕಟ್ಟಿನಲ್ಲಿ ಬರುತ್ತದೆ.

ಉಳಿದದ್ದು ಮನೆಯವರ ಕೈಯಲ್ಲಿ. ಮಗು ಹೊಟ್ಟೆ ತುಂಬಿ, ಎಚ್ಚರವಾಗಿ, ಅಳದೆ ಇರಬೇಕು. ಗಟ್ಟಿ ಚಾಪೆಯ ಮೇಲೆ ಒಂದೇ ಬಣ್ಣದ ಬಟ್ಟೆ ಹಾಸಿ ಅಂಗಾತ ಮಲಗಿಸಿ. ತೊಟ್ಟಿಲು, ಜೋಲಿ ಬೇಡ. ಕೈಕಾಲು ಬರಿದಾಗಿರಲಿ. ಕುಲಾವಿ, ಕಾಲ್ಗೆಜ್ಜೆ, ಸಾಕ್ಸ್ ತೆಗೆಯಿರಿ. ಬಾಯಲ್ಲಿ ನಿಪ್ಪಲ್ ಇರಬಾರದು, ಚೀಪುವಾಗ ಚಲನೆಯೇ ಬದಲಾಗುತ್ತದೆ. ಗಿಲಕಿ ಆಡಿಸಬೇಡಿ, ಮಾತಾಡಿಸಬೇಡಿ: ಏನನ್ನಾದರೂ ನೆಟ್ಟು ನೋಡುವ ಮಗು ಮಿಸುಕಾಟ ನಿಲ್ಲಿಸುತ್ತದೆ. ಅಜ್ಜಿಯನ್ನು ಮೂರು ನಿಮಿಷ ಸುಮ್ಮನಿರಿಸುವುದೇ ಇದರಲ್ಲಿ ಕಷ್ಟದ ಭಾಗ! ಕಿಟಕಿಯ ಬೆಳಕು ಬೇಕು. ಮಂದ ಬೆಳಕಿನಲ್ಲಿ ಫೋನ್ ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ಹಿಡಿಯುವುದರಿಂದ ಬೆರಳು, ಮಣಿಕಟ್ಟು ಮಸುಕಾಗುತ್ತವೆ. ನೋಡಬೇಕಾದ ಸಣ್ಣ ಚಲನೆ ಅಲ್ಲೇ ಕಳೆದುಹೋಗುತ್ತದೆ.

ಇನ್ನು ಕೃತಕ ಬುದ್ಧಿಮತ್ತೆ. ಪ್ರತಿ ಫ್ರೇಮಿನಲ್ಲೂ ಭುಜ, ಮೊಣಕೈ, ಸೊಂಟ, ಮೊಣಕಾಲುಗಳನ್ನು ಗುರುತಿಸಿ, ಆ ಬಿಂದುಗಳು ಹೇಗೆ ಚಲಿಸಿದವು ಎಂಬುದರಿಂದ ಯಂತ್ರ ಅಪಾಯವನ್ನು ಅಂದಾಜಿಸುತ್ತದೆ. ಬೇಬಿ ಮೂವ್ಸ್ ವಿಡಿಯೊಗಳ ಮೇಲೂ ಈ ಕೆಲಸ ನಡೆದಿದೆ. ಆದರೆ ತೂಗಿ ನೋಡಲು ಗಟ್ಟಿ ಅಂಕಿ ಸಿಗುವುದು 2022ರಲ್ಲಿ ಪ್ರಕಟವಾದ, ನಾರ್ವೆಯವರ ಮುಂದಾಳತ್ವದ ಅಧ್ಯಯನದಲ್ಲಿ; ಭಾರತದ ಮಕ್ಕಳೂ ಸೇರಿ 557 ಮಕ್ಕಳ ವಿಡಿಯೊ ಅದರಲ್ಲಿತ್ತು. ಪರೀಕ್ಷೆಗೆಂದೇ ತೆಗೆದಿಟ್ಟ 139 ಮಕ್ಕಳಲ್ಲಿ 21 ಮಂದಿಗೆ ಸೆರೆಬ್ರಲ್ ಪಾಲ್ಸಿ ಇತ್ತು. ಯಂತ್ರ 15 ಮಂದಿಯನ್ನು ಹಿಡಿಯಿತು, 6 ಮಂದಿಯನ್ನು ಬಿಟ್ಟಿತು, 7 ಮಂದಿ ಸರಿಯಿದ್ದವರನ್ನು ಸುಮ್ಮನೆ ಎತ್ತಿ ತೋರಿಸಿತು. ತರಬೇತಾದ ಕಣ್ಣಿಗೆ ಹೆಚ್ಚುಕಡಿಮೆ ಸರಿಸಮ.

ಇದನ್ನೇ ಎಲ್ಲ ಮಕ್ಕಳಿಗೂ ಬಳಸಿದರೆ ಲೆಕ್ಕ ತಲೆಕೆಳಗು. ಸಾವಿರಕ್ಕೆ ಇಬ್ಬರಿಗೆ ಈ ತೊಂದರೆ ಇದೆ ಎಂದಿಟ್ಟುಕೊಳ್ಳಿ. ಹತ್ತು ಸಾವಿರ ಮಕ್ಕಳಲ್ಲಿ 20 ಮಂದಿ. ಯಂತ್ರ ಹಿಡಿಯುವುದು ಸುಮಾರು 14 ಮಂದಿಯನ್ನು, ಅವರ ಜೊತೆಗೆ 590ರಷ್ಟು ಸರಿಯಿರುವ ಮಕ್ಕಳ ಮನೆಯವರ ನಿದ್ದೆಯನ್ನೂ ಕೆಡಿಸುತ್ತದೆ. ಹಾಗಾಗಿ ಎನ್‌ಐಸಿಯುವಿನಿಂದ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಂದ, ಬೇಗ ಹುಟ್ಟಿದ, ಹುಟ್ಟುವಾಗ ಉಸಿರುಗಟ್ಟಿದ ಮಕ್ಕಳಿಗೆ ಮಾತ್ರ ಇದು ಸರಿ. ಪೋಷಕರ ಕೈಗೇ ನೇರವಾಗಿ ‘ಸ್ಕೋರ್’ ಕೊಡುವ ಯಾವುದೇ ಆ್ಯಪ್‌ನಿಂದ ದೂರವಿರಿ. ಬೇಬಿ ಮೂವ್ಸ್ ಆ ತಪ್ಪು ಮಾಡದೆ ನಡುವೆ ಮನುಷ್ಯರನ್ನು ಇಟ್ಟಿದೆ; ನಮಗೆ ಹಿಡಿಸಿದ್ದೂ ಅದೇ.

ಕರ್ನಾಟಕದಲ್ಲಿರುವವರು ಈ ಆ್ಯಪ್‌ಗಾಗಿ ಕಾಯಬೇಕಿಲ್ಲ. ಮೇಲಿನ ಕ್ರಮದಲ್ಲೇ ಚಿತ್ರೀಕರಿಸಿ, ಮಕ್ಕಳ ಡಾಕ್ಟರಿಗೋ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದ ಫಿಸಿಯೋಥೆರಪಿಸ್ಟ್‌ಗೋ ತೋರಿಸಿ, ಜಿಎಂ ತರಬೇತಿ ಆದವರು ಯಾರಿದ್ದಾರೆ ಎಂದು ಕೇಳಬಹುದು. ವಿಡಿಯೊವನ್ನು ಫೋನಿನಲ್ಲೇ ತೋರಿಸಿ, ಇಲ್ಲವೇ ಮೂಲ ಫೈಲನ್ನೇ ಕೊಡಿ; ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗಿಸುತ್ತದೆ. ತಿದ್ದಿದ ವಯಸ್ಸು 20 ವಾರ ದಾಟಿದ್ದರೆ ಈ ವಿಡಿಯೊದಿಂದ ಪ್ರಯೋಜನವಿಲ್ಲ. ಆಗ 26 ಅಂಶಗಳನ್ನು ನೋಡಿ ಒಟ್ಟು 78ಕ್ಕೆ ಅಂಕ ಹಾಕುವ ಹ್ಯಾಮರ್‌ಸ್ಮಿತ್ ನರಪರೀಕ್ಷೆ ಮಾಡಿಸಿ.