ಮೂರು ವರ್ಷ ಬಳಸಿದ ಸ್ಯಾಡಲ್ ಬ್ಯಾಗ್: ಕೊಲ್ಹಾಪುರದಿಂದ ಬೆಂಗಳೂರಿಗೆ ಮರಳಿದ ದಿನದ ಲೆಕ್ಕ

ಬೈಕಿನ ಎರಡೂ ಮಗ್ಗುಲಿಗೆ ಇಳಿಬಿಡುವ ಬಟ್ಟೆಯ ಸ್ಯಾಡಲ್ ಬ್ಯಾಗನ್ನು ನಾನು ಕೊಂಡದ್ದು 2021ರ ನವೆಂಬರಿನಲ್ಲಿ. ಜೋಡಿಗೆ 4,600 ರೂಪಾಯಿ ಕೊಟ್ಟಿದ್ದೆ. ಒಂದೊಂದು ಬದಿಗೆ 25 ಲೀಟರ್ ಜಾಗ, 1680 ಡೆನಿಯರ್ ನೈಲಾನ್ ಬಟ್ಟೆ, ಒಳಗೆ ಬಾಯಿ ಸುತ್ತಿ ಮುಚ್ಚುವ ತಲಾ ಒಂದು ಡ್ರೈ ಬ್ಯಾಗ್ (ನೀರು ಒಳಬಿಡದ ಚೀಲ), ಮೇಲೆ ಹಳದಿ ಬಣ್ಣದ ರೇನ್ ಕವರ್. ಇದೇ ಮಾದರಿಯನ್ನು ನಾಲ್ಕಾರು ಕಂಪನಿಗಳು ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಹೊಲಿದು ಮಾರುತ್ತಿರುವುದರಿಂದ ಹೆಸರು ಹೇಳದೆ ಬರೆಯುತ್ತಿದ್ದೇನೆ. ನನ್ನ ಕ್ಲಾಸಿಕ್ 350 ಮೇಲೆ ಇವು ಈವರೆಗೆ 28,000 ಕಿ.ಮೀ. ತಿರುಗಿವೆ. ಆದರೆ ಇವುಗಳ ಗುಣವೂ ದೋಷವೂ ನನಗೆ ಸರಿಯಾಗಿ ತಿಳಿದದ್ದು 2024ರ ಜುಲೈನಲ್ಲಿ, ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋಗಿ ಮರಳುವಾಗ, ಪ್ರವಾಸದ ಇಪ್ಪತ್ತಮೂರನೆಯ ದಿನ, ಕೊಲ್ಹಾಪುರದಿಂದ ಬೆಂಗಳೂರಿನವರೆಗಿನ ಸುಮಾರು 600 ಕಿ.ಮೀ. ಹಾದಿಯಲ್ಲಿ.

ಅದಕ್ಕೆ ಕಾರಣವಿದೆ. ಬಾತಲ್‌ನಿಂದ ಗ್ರಾಂಫುವರೆಗಿನ ಕಲ್ಲುದಾರಿಯಲ್ಲಿ, ಹಿಮ ಕರಗಿದ ನೀರು ರಸ್ತೆಯ ಮೇಲೆಯೇ ಹರಿಯುವ ಕಡೆಗಳಲ್ಲಿ, ನಾನು ಪ್ರತಿಯೊಂದು ಪಟ್ಟಿಯನ್ನೂ ಎರಡೆರಡು ಸಲ ಎಳೆದು ನೋಡುತ್ತಿದ್ದೆ. ಡ್ರೈ ಬ್ಯಾಗಿನ ಬಾಯನ್ನು ಲೆಕ್ಕಹಾಕಿ ಮೂರು ಸುತ್ತು ಸುತ್ತುತ್ತಿದ್ದೆ. ಆಗ ಬ್ಯಾಗು ಸೋರಲಿಲ್ಲ, ಜಾರಲಿಲ್ಲ. ಮನೆ ಹತ್ತಿರವಾದ ದಿನ ಮಾತ್ರ ಕೈಗೆ ಆ ಶ್ರದ್ಧೆ ಇರುವುದಿಲ್ಲ. ಕೊಲ್ಹಾಪುರದ ಲಾಡ್ಜಿನಲ್ಲಿ ಬೆಳಗಿನ ಐದೂವರೆಗೆ ಎದ್ದು, ಒದ್ದೆ ಬಟ್ಟೆಗಳನ್ನೆಲ್ಲ ಬಲಗಡೆಯ ಡ್ರೈ ಬ್ಯಾಗಿಗೆ ತುರುಕಿ, ಉಪಕರಣಗಳ ಚೀಲವನ್ನೂ ಕಿನ್ನೌರಿನಲ್ಲಿ ಕೊಂಡಿದ್ದ ಮೂರು ಕೆ.ಜಿ. ರಾಜ್ಮಾವನ್ನೂ ಎಡಗಡೆಗೆ ಹಾಕಿದೆ. ಎಡಗಡೆಯ ಡ್ರೈ ಬ್ಯಾಗ್ ತುಂಬಿಹೋಗಿದ್ದರಿಂದ ರಾಜ್ಮಾದ ಬಟ್ಟೆ ಗಂಟು ಹಾಗೆಯೇ ಹೊರಚೀಲದ ತಳಕ್ಕೆ ಹೋಯಿತು. ಮೇಲೆ ರೇನ್ ಕವರ್ ಇದೆಯಲ್ಲ ಎಂಬ ಧೈರ್ಯ.

ಕಾಗಲ್ ದಾಟಿ ಕರ್ನಾಟಕಕ್ಕೆ ಬರುವ ಹೊತ್ತಿಗೆ ತುಂತುರು ಶುರುವಾಗಿತ್ತು. ನಿಪ್ಪಾಣಿಯ ಮುಂದೆ ತವಂದಿ ಘಾಟಿನಲ್ಲಿ ಮಳೆ ಬಲವಾಯಿತು, ಧಾರವಾಡದವರೆಗೂ ಬಿಡಲಿಲ್ಲ. ಧಾರವಾಡದ ಹೊರಗೆ ಚಹಾ ಅಂಗಡಿಯೊಂದರ ಮುಂದೆ ನಿಂತು ಎಡಬದಿಯ ಕವರಿನ ಎಲಾಸ್ಟಿಕ್ ಅಂಚನ್ನು ಹಿಗ್ಗಿಸಿದಾಗ, ಒಂದು ಚೊಂಬಿನಷ್ಟು ಕೆಂಪು ನೀರು ಬೂಟಿನ ಮೇಲೆ ಸುರಿಯಿತು. ಅಂಗಡಿಯವರು, "ಏನ್ರಿ ಸರ, ಕೆರೀನ ಕಟಗೊಂಡ ಬಂದೀರೇನು?" ಎಂದು ನಕ್ಕರು. ನಾನೂ ನಕ್ಕೆ, ಆದರೆ ತಪ್ಪು ಎಲ್ಲಿದೆ ಎಂಬುದು ಆಗ ಸ್ಪಷ್ಟವಾಗಿ ಕಂಡಿತು. ಮೇಲಿನಿಂದ ಬೀಳುವ ಮಳೆಯನ್ನು ಈ ಕವರ್ ಚೆನ್ನಾಗಿಯೇ ತಡೆಯುತ್ತದೆ. ಹಿಂಚಕ್ರ ಒಳಮಗ್ಗುಲಿಂದ ಎರಚುವ ನೀರಿಗೆ ಮಾತ್ರ ಅಡ್ಡಿಯೇ ಇಲ್ಲ, ಏಕೆಂದರೆ ಪಟ್ಟಿಗಳಿಗೆ ದಾರಿ ಬಿಡಲು ಆ ಕಡೆ ಕವರನ್ನು ತೆರೆದೇ ಹೊಲಿದಿದ್ದಾರೆ. ಒಳಗೆ ಬಂದ ನೀರು ಹೊರಹೋಗಲು ತಳದಲ್ಲಿ ಒಂದು ರಂಧ್ರವೂ ಇಲ್ಲ. ನೀರು ತಡೆಯಬೇಕಾದ ಕವರೇ ನೀರು ಹಿಡಿದಿಡುವ ತೊಟ್ಟಿಯಾಗಿ, ಬ್ಯಾಗು ನಾಲ್ಕು ತಾಸು ಅದರಲ್ಲಿ ನೆನೆದಿತ್ತು. ಒಂದು ರೂಪಾಯಿ ಖರ್ಚಿನ ಲೋಹದ ಉಂಗುರ ಹಾಕಿ ತೂತು ಬಿಟ್ಟಿದ್ದರೆ ಸಾಕಿತ್ತು. ಬೆಂಗಳೂರಿಗೆ ಬಂದ ಮೇಲೆ ಅದನ್ನು ನಾನೇ ಮಾಡಿಸಿದೆ.

ಇಲ್ಲಿ ಡೆನಿಯರ್ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ನಾನೂ ಆ ಸಂಖ್ಯೆ ನೋಡಿಯೇ ಮರುಳಾಗಿದ್ದೆ. ಡೆನಿಯರ್ ಎಂದರೆ 9,000 ಮೀಟರ್ ನೂಲಿನ ತೂಕ, ಗ್ರಾಂಗಳಲ್ಲಿ. ಸಂಖ್ಯೆ ದೊಡ್ಡದಾದರೆ ನೂಲು ದಪ್ಪ, ಅಷ್ಟೇ. ನೀರು ತಡೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನೀರು ತಡೆಯುವುದು ಬಟ್ಟೆಯ ಒಳಮೈಗೆ ಬಳಿದ ಪಾಲಿಯುರೆಥೇನ್ ಲೇಪ. ತೇವ ಆರದೆ ಮಡಚಿಟ್ಟರೆ ಈ ಲೇಪ ಕಾಲಕ್ರಮೇಣ ಅಂಟಂಟಾಗಿ, ಹೊಪ್ಪಳೆ ಹೊಪ್ಪಳೆಯಾಗಿ ಏಳುತ್ತದೆ. ನಾನು ಎರಡು ಮಳೆಗಾಲ ಬ್ಯಾಗುಗಳನ್ನು ಹಾಗೆಯೇ ಅಟ್ಟಕ್ಕೆ ಎಸೆದಿದ್ದೆ. ಆದ್ದರಿಂದ ಧಾರವಾಡದಲ್ಲಿ ಕಂಡ ಸೋರಿಕೆಯಲ್ಲಿ ಅರ್ಧ ಪಾಲು ನನ್ನದೇ.

ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ಅಗಲೀಕರಣದ ಕಾಮಗಾರಿ ನಡೆದಿತ್ತು. ಲಾರಿಗಳ ಸಾಲಿನ ಹಿಂದೆ ತೆವಳುತ್ತ ಸಾಗಿದೆ. ಹಾವೇರಿಯ ನಂತರ ಮಳೆ ನಿಂತಿತು. ಹರಿಹರದಲ್ಲಿ ತುಂಗಭದ್ರೆ ಕೆಂಪಾಗಿ ಹರಿಯುತ್ತಿದ್ದಳು. ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆಂದು ಊರೊಳಗೆ ಹೊಕ್ಕು ಮುಕ್ಕಾಲು ಗಂಟೆ ಕಳೆದೆ, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಎರಡನೆಯ ಪಾಠ ದಾವಣಗೆರೆಯಿಂದ ಹಿರಿಯೂರಿನವರೆಗೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಅಲ್ಲಿ ಎಡೆಬಿಡದೆ ಬೀಸುತ್ತದೆ, ಆಗ್ನೇಯಕ್ಕೆ ಸಾಗುವ ಬೈಕಿಗೆ ಅದು ಬಲಮಗ್ಗುಲಿಂದ ಹೊಡೆಯುತ್ತದೆ. ಬಲಗಡೆ ನಾಲ್ಕು ಕೆ.ಜಿ. ಬಟ್ಟೆ, ಎಡಗಡೆ ಒಂಬತ್ತು ಕೆ.ಜಿ. ಕಬ್ಬಿಣ ಮತ್ತು ಕಾಳು. ಸೀಟಿನ ಮೇಲೆ ಹಾಯುವ ಎರಡು ವೆಲ್ಕ್ರೋ ಪಟ್ಟಿಗಳೇ ಈ ಬ್ಯಾಗುಗಳ ಆಧಾರ, ಒದ್ದೆಯಾದ ವೆಲ್ಕ್ರೋವಿಗೆ ಹಿಡಿತ ಕಡಿಮೆ. ಗಾಳಿಯ ಒಂದೊಂದು ತಳ್ಳಿಗೂ ಎಡಬ್ಯಾಗು ಒಂದೊಂದು ಎಳೆಯಷ್ಟು ಕೆಳಗಿಳಿದು, ಚಿತ್ರದುರ್ಗ ತಲಪುವಾಗ ನಾಲ್ಕು ಬೆರಳಿನಷ್ಟು ಜಾರಿತ್ತು. ಅದು ಚಕ್ರಕ್ಕೆ ತಾಗದಂತೆ ಕಾಪಾಡಿದ್ದು ಬೈಕಿನ ಸೀರೆ ಗಾರ್ಡ್. ಅಂದ ಕೆಡುತ್ತದೆಂದು ಎಲ್ಲರೂ ಮೊದಲು ಬಿಚ್ಚಿಹಾಕುವ ಆ ಜಾಲರಿಯನ್ನು ನಾನು ಸೋಮಾರಿತನದಿಂದ ಹಾಗೆಯೇ ಉಳಿಸಿಕೊಂಡಿದ್ದೆ. ಪಟಪಟನೆ ಬಡಿದುಕೊಳ್ಳುತ್ತಿದ್ದ ಬಲಬದಿಯ ರೇನ್ ಕವರ್ ಅಂಚಿನಲ್ಲಿ ಹರಿದೇಬಿಟ್ಟಿತು. ಒಣ ರಸ್ತೆಯಲ್ಲಿ ಕವರ್ ತೆಗೆದಿಡಬೇಕು, ವೇಗ ಅರವತ್ತಕ್ಕೆ ಇಳಿಯಬೇಕು, ಎರಡೂ ಬದಿಯ ತೂಕ ಸಮವಿರಬೇಕು ಎಂಬುದೆಲ್ಲ ನನಗೆ ಗೊತ್ತಿತ್ತು. ನಿಲ್ಲಿಸಿ ಅವನ್ನೆಲ್ಲ ಮಾಡುವ ಮನಸ್ಸಿರಲಿಲ್ಲ.

ಟೋಲ್‌ಗಳದ್ದು ಬೇರೆಯೇ ಕಥೆ. ದ್ವಿಚಕ್ರಕ್ಕೆ ಶುಲ್ಕವಿಲ್ಲ, ಎಡತುದಿಯ ಕಿರಿದಾದ ಓಣಿಯಲ್ಲಿ ಹಾಯ್ದುಹೋಗಬೇಕು. ಬ್ಯಾಗು ತುಂಬಿದಾಗ ಬೈಕು ಹ್ಯಾಂಡಲ್‌ಗಿಂತ ಅಗಲವಾಗುತ್ತದೆ ಎಂಬುದು ದಣಿದ ತಲೆಗೆ ನೆನಪಿರುವುದಿಲ್ಲ. ಎಡಬ್ಯಾಗಿನ ಮೂಲೆಯನ್ನು ಆ ದಿನ ಎರಡು ಸಲ ಕಾಂಕ್ರೀಟಿಗೆ ಉಜ್ಜಿದೆ. ಬಟ್ಟೆಯಲ್ಲಿ ಗೀರು ಬಿತ್ತು, ಹರಿಯಲಿಲ್ಲ. ಡೆನಿಯರ್ ಸಂಖ್ಯೆ ತನ್ನ ಮಾನ ಉಳಿಸಿಕೊಂಡದ್ದು ಅಲ್ಲಿ.

ಹಳೆಯ ಪೆಟ್ಟುಗಳನ್ನೂ ದಾಖಲಿಸಬೇಕು. ಕೊಂಡ ಮೂರನೆಯ ತಿಂಗಳಲ್ಲೇ ಬಲಬ್ಯಾಗಿನ ತಳ ಸೈಲೆನ್ಸರ್ ತಾಗಿ ಐದು ರೂಪಾಯಿ ನಾಣ್ಯದಷ್ಟು ಕರಗಿತು. ಸ್ಯಾಡಲ್ ಸ್ಟೇ, ಅಂದರೆ ಬ್ಯಾಗನ್ನು ಚಕ್ರ, ಸೈಲೆನ್ಸರ್‌ಗಳಿಂದ ದೂರ ಹಿಡಿಯುವ ಲೋಹದ ಚೌಕಟ್ಟು, ಇಲ್ಲದೆ ಈ ಬ್ಯಾಗುಗಳನ್ನು ಹಾಕಲೇಬಾರದು, ಆ ಮಾತು ಪೊಟ್ಟಣದ ಮೇಲೆ ಎಲ್ಲೂ ಇರಲಿಲ್ಲ. ಎರಡನೆಯ ವರ್ಷ ಪ್ಲಾಸ್ಟಿಕ್ ಬಕಲ್ ಒಂದು ಮುರಿಯಿತು. ಮಾರಿದವರಿಗೆ ಫೋಟೋ ಸಮೇತ ಮೂರು ಸಲ ಬರೆದೆ. ಐದು ವಾರದ ನಂತರ "ನಿಮ್ಮ ದೂರು ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂತು, ಇಂದಿಗೂ ಪರಿಶೀಲನೆಯಲ್ಲೇ ಇದೆ. ಬಡಾವಣೆಯ ಬ್ಯಾಗ್ ರಿಪೇರಿಯವರು ನಲವತ್ತು ರೂಪಾಯಿಗೆ ಲೋಹದ ಬಕಲ್ ಹೊಲಿದುಕೊಟ್ಟರು, ಅದು ಸ್ಪಿತಿ ನೋಡಿ ಬಂತು. ಜಿಪ್‌ಗಳ ಬಗ್ಗೆ ದೂರಿಲ್ಲ. ಧೂಳು ಕುಳಿತಾಗ ಹಳೆಯ ಟೂತ್ ಬ್ರಷ್‌ನಿಂದ ತಿಕ್ಕಿ, ಮೇಣದಬತ್ತಿ ಸವರಿದರೆ ಸರಾಗವಾಗಿ ಓಡುತ್ತವೆ. ಹೊಲಿಗೆ ಎಲ್ಲಿಯೂ ಬಿಟ್ಟಿಲ್ಲ.

ಈ ದುಡ್ಡಿಗೆ ಇವನ್ನು ಮತ್ತೆ ಕೊಳ್ಳುತ್ತೇನೆಯೇ ಎಂದು ಗೆಳೆಯರು ಕೇಳುತ್ತಾರೆ. ವರ್ಷಕ್ಕೊಂದೆರಡು ದೂರ ಪ್ರಯಾಣ ಮಾಡುವವರಿಗೆ, ಸ್ಟೇ ಹಾಕಿಸಿ, ತಳಕ್ಕೆ ತೂತು ಮಾಡಿಸಿಕೊಳ್ಳುವ ತಾಳ್ಮೆ ಇದ್ದವರಿಗೆ, ಧಾರಾಳವಾಗಿ ಹೇಳುತ್ತೇನೆ. ದಿನಾ ಆಫೀಸಿಗೆ ಹಾಕಿಕೊಂಡು ಹೋಗುವವರಿಗೆ ಬೇಡ, ಬಿಚ್ಚಿ ಕಟ್ಟಲು ಹತ್ತು ನಿಮಿಷ ಹಿಡಿಯುತ್ತದೆ. ಮುಂದಿನ ಸಲ ನಾನು ಹೊರಚೀಲವೇ ನೀರು ಹಿಡಿಯದಂತೆ ಬೆಸೆದ, ಬಾಯಿ ಸುತ್ತುವ ಮಾದರಿಗೆ ಹೆಚ್ಚು ಹಣ ಕೊಡುವವನಿದ್ದೇನೆ. ಕವರ್ ಹಾಕುವುದು, ತೆಗೆಯುವುದು, ತೊಟ್ಟಿ ಬಸಿಯುವುದು, ಇಷ್ಟೊಂದು ಕೆಲಸವನ್ನು ಪ್ರವಾಸದ ಕಡೆಯ ದಿನ ಮಾಡಬಲ್ಲ ಮನುಷ್ಯ ನಾನಲ್ಲ.

ರಾತ್ರಿ ಒಂಬತ್ತೂವರೆಗೆ ಮನೆ ತಲಪಿ ಎಡಬ್ಯಾಗನ್ನು ಬಚ್ಚಲಿನಲ್ಲಿ ಬಿಚ್ಚಿದೆ. ಬೆಳಗಿನಿಂದ ನೆನೆದಿದ್ದ ರಾಜ್ಮಾ ದುಪ್ಪಟ್ಟು ಉಬ್ಬಿ, ಗಂಟು ಬಿಚ್ಚಲಾರದಷ್ಟು ಬಿಗಿದುಕೊಂಡಿತ್ತು. ಬಟ್ಟೆಯನ್ನು ಕತ್ತರಿಯಿಂದಲೇ ಸೀಳಬೇಕಾಯಿತು. ಅಮ್ಮ ಒಂದು ಕಾಳನ್ನು ಹಿಸುಕಿ ನೋಡಿ, ಮೂಸಿ, ನಾಲ್ಕು ಸಲ ತೊಳೆದು, ಮರುಮಾತಿಲ್ಲದೆ ಕುಕ್ಕರ್ ಇಳಿಸಿಕೊಂಡರು.