ಹೊಳೆಬಾಗಿಲು ಸೇತುವೆಗೆ 5ಕ್ಕೆ 4: ಆಚೆ ದಡದವಳ ವಿಮರ್ಶೆ

ಮೊದಲ ವಾರ ಎಷ್ಟು ಸಲ ದಾಟಿದೆ ಅಂತ ಲೆಕ್ಕ ಇಟ್ಟಿದ್ದೆ. ಹದಿನೇಳಕ್ಕೆ ನಿಲ್ಲಿಸಿದೆ. ಅದರಲ್ಲಿ ನಿಜವಾಗಿ ಕೆಲಸ ಇದ್ದದ್ದು ಮೂರು ಸಲ. ಉಳಿದದ್ದೆಲ್ಲ ಸುಮ್ನೆ. ಅತ್ತಿಗೆ "ಪೆಟ್ರೋಲು ಪುಕ್ಕಟೆ ಬರ್ತದಾ?" ಅಂತ ಕೇಳಿದ ಮೇಲೆ ಕಮ್ಮಿ ಮಾಡಿದೆ.

ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಹೋಗುವ ಸೇತುವೆ ಇದು. ಪೇಪರಿನವರು ಸಿಗಂದೂರು ಸೇತುವೆ ಅಂತ ಬರೆಯುತ್ತಾರೆ. ನಮ್ಮ ಬಾಯಲ್ಲಿ ಆ ಜಾಗ ಹೊಳೆಬಾಗಿಲು. 2018ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ಆಯಿತು, 2025ರ ಜುಲೈ 14ಕ್ಕೆ ಉದ್ಘಾಟನೆ. ಉದ್ದ 2.44 ಕಿಲೋಮೀಟರ್. ನಡುವೆ ಕೇಬಲ್‌ಗಳಲ್ಲಿ ತೂಗಿಸಿದ ಭಾಗ ಇದೆ. ದೂರದಿಂದ ನೋಡಿದರೆ ಯಾರೋ ಹೊಳೆಯ ಮೇಲೆ ದೊಡ್ಡ ದೊಡ್ಡ ಬೀಸಣಿಗೆ ಬಿಚ್ಚಿ ಇಟ್ಟ ಹಾಗೆ ಕಾಣುತ್ತದೆ. ಕಾರಿನಲ್ಲಿ ದಾಟಲು ಮೂರು ನಿಮಿಷ. ನಿಧಾನಕ್ಕೆ ಹೋದರೆ ನಾಲ್ಕು.

ಆ ಮೂರು ನಿಮಿಷಕ್ಕೆ ಅರವತ್ತು ವರ್ಷ ಹಿಡಿಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನದು ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ನೀರು 1,819 ಅಡಿಗೆ ನಿಲ್ಲುತ್ತದೆ ಅಂತ ಲೆಕ್ಕ ಹಾಕಿದರು. ಆ ಗೆರೆಯ ಕೆಳಗಿದ್ದ ಊರು, ಗದ್ದೆ, ತೋಟ, ದೇವಸ್ಥಾನ ಎಲ್ಲ ಮುಳುಗಡೆ. ಅದಕ್ಕೂ ಮೊದಲೇ ಇದ್ದ ಹಿರೇಭಾಸ್ಕರ ಅಣೆಕಟ್ಟು, ನಾವು ಮಡೆನೂರು ಡ್ಯಾಂ ಅನ್ನುವುದು, ಅದೂ ಮುಳುಗಿತು. ಅಣೆಕಟ್ಟನ್ನೇ ನುಂಗಿದ ಅಣೆಕಟ್ಟು ನಮ್ಮದು. ಎಷ್ಟೋ ಮನೆಗಳವರು ಶಿವಮೊಗ್ಗದ ಕಡೆಗೆ, ಕಾಡಿನ ನಡುವೆ ತೋರಿಸಿದ ಜಾಗಗಳಿಗೆ ಲಾರಿ ಹತ್ತಿ ಹೋದರು. ಜಮೀನಿನ ಹಕ್ಕುಪತ್ರಕ್ಕೆ ಅವರ ಮೊಮ್ಮಕ್ಕಳು ಈಗಲೂ ಅಲೆಯುತ್ತಿದ್ದಾರೆ. ನಮ್ಮಜ್ಜ ಹೋಗಲಿಲ್ಲ. ಮನೆಯ ಹಂಚು, ತೊಲೆ, ಬಾಗಿಲು ಬಿಚ್ಚಿಕೊಂಡು ಗುಡ್ಡ ಹತ್ತಿದರು. ತುಮರಿ ಹತ್ತಿರದ ನಮ್ಮ ಮನೆಯ ಮುಂಬಾಗಿಲು ಈಗಲೂ ಅದೇ. ಬಾಗಿಲು ಹಳೇ ಊರಿನದು, ಗೋಡೆ ಹೊಸ ಊರಿನದು.

ನಕ್ಷೆ ನೋಡಿದರೆ ತುಮರಿ ಸುತ್ತಿನ ನಮ್ಮ ಕರೂರು ಸೀಮೆ ಪೂರ್ತಿ ದ್ವೀಪ ಅಲ್ಲ. ಕೊಲ್ಲೂರು ಕಡೆಯಿಂದ ನೆಲದ ದಾರಿ ಇದೆ. ಆದರೆ ಆಸ್ಪತ್ರೆ, ಕಾಲೇಜು, ಕೋರ್ಟು, ಅಡಿಕೆ ಮಂಡಿ ಎಲ್ಲ ಸಾಗರದಲ್ಲಿ. ಸಾಗರಕ್ಕೂ ನಮಗೂ ನಡುವೆ ನೀರು. ಹಾಗಾಗಿ ನಾವು ದ್ವೀಪದವರು. ಜೋಗದ ಕರೆಂಟು ರಾಜ್ಯಕ್ಕೆಲ್ಲ ಹೋಯಿತು, ನಾನು ಮಾತ್ರ ಚಿಮಣಿ ಬುಡ್ಡಿಯಲ್ಲಿ ಏಳನೇ ಕ್ಲಾಸು ಓದಿದೆ. ಇದನ್ನು ಎಷ್ಟು ಜನ ಎಷ್ಟು ಭಾಷಣದಲ್ಲಿ ಹೇಳಿದ್ದಾರೋ. ನಿಜವಾದ್ದರಿಂದ ನಾನೂ ಒಂದು ಸಲ ಹೇಳಿದೆ, ಬಿಡಿ.

1999ರಲ್ಲಿ ಬೆಂಗಳೂರಿಗೆ ಹೋದೆ. 2023ರ ಜನವರಿಯಲ್ಲಿ ವಾಪಸ್ ಬಂದೆ. ಅಮ್ಮನ ಮಂಡಿ ಸವೆದಿತ್ತು, ನನಗೆ ಬೆಂಗಳೂರು ಸಾಕಾಗಿತ್ತು. ಎರಡರಲ್ಲಿ ಯಾವುದು ನಿಜವಾದ ಕಾರಣ ಅಂತ ಕೇಳಬೇಡಿ. ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವ ಕೆಲಸ ನನ್ನದು. ಎಲ್ಲಿ ಕೂತರೂ ಆಗುತ್ತದೆ ಅಂದುಕೊಂಡಿದ್ದೆ. ಈಗ ತಿಂಗಳಿಗೊಮ್ಮೆ ಲ್ಯಾಪ್‌ಟಾಪ್ ಹಿಡಿದು ಮನೆ ಹಿಂದಿನ ಗುಡ್ಡ ಹತ್ತುತ್ತೇನೆ. ಅಲ್ಲೊಂದು ಬಂಡೆ ಇದೆ, ಅದರ ಮೇಲೆ ನೆಟ್‌ವರ್ಕ್ ಇದೆ. ಜಿಎಸ್‌ಟಿ ಬಂಡೆ ಅಂತ ಅಣ್ಣನ ಮಗಳು ಹೆಸರಿಟ್ಟಿದ್ದಾಳೆ.

ಹಾಗಾಗಿ ಲಾಂಚಿನ ಕಾಲ, ಅಂದರೆ ಜನರನ್ನೂ ಗಾಡಿಗಳನ್ನೂ ಹೊಳೆ ದಾಟಿಸುತ್ತಿದ್ದ ದೋಣಿಯ ಕಾಲ, ನಾನು ಎರಡು ಸಲ ನೋಡಿದೆ. ಒಂದು ಚಿಕ್ಕವಳಿದ್ದಾಗ. ಇನ್ನೊಂದು ವಾಪಸ್ ಬಂದ ಮೇಲಿನ ಎರಡೂವರೆ ವರ್ಷ. ಸೇತುವೆಯ ಬಗ್ಗೆ ಹೇಳುವ ಮೊದಲು ಲಾಂಚಿನ ಬಗ್ಗೆ ಹೇಳದೆ ಆಗುವುದಿಲ್ಲ.

ಚಿಕ್ಕವಳಿದ್ದಾಗ ಲಾಂಚ್ ಅಂದ್ರೆ ಡೀಸೆಲ್ ವಾಸನೆ, ಒದ್ದೆ ಹಲಗೆ, ಕೊಡೆಯಿಂದ ಪಕ್ಕದವರ ಕಾಲಿಗೆ ಸೋರುವ ನೀರು. ಆಮೇಲಾಮೇಲೆ ಬಸ್ಸು, ಜೀಪು, ಅಡಿಕೆ ಚೀಲ, ಆಡು, ಮದುವೆ ದಿಬ್ಬಣ ಎಲ್ಲ ಒಂದೇ ಹಲಗೆಯ ಮೇಲೆ. ಬಸ್ಸು ರಿವರ್ಸಿನಲ್ಲಿ ಹತ್ತುವಾಗ ಊರಿನವರೆಲ್ಲ ಕಂಡಕ್ಟರುಗಳೇ. "ಬರ್ಲಿ, ಬರ್ಲಿ, ಹೋಲ್ಡಾನ್!" ದಾಟುವಷ್ಟರಲ್ಲಿ ಯಾರ ಮನೆಯಲ್ಲಿ ಎಮ್ಮೆ ಕರು ಹಾಕಿತು, ಯಾರಿಗೆ ಹೆಣ್ಣು ನೋಡುತ್ತಿದ್ದಾರೆ, ಯಾರ ತೋಟಕ್ಕೆ ಕೊಳೆ ರೋಗ ಬಂತು, ಎಲ್ಲ ಗೊತ್ತಾಗುತ್ತಿತ್ತು. ನಮ್ಮಕ್ಕನಿಗೆ ಗಂಡು ಗೊತ್ತಾಗಿದ್ದೂ ಲಾಂಚಿನಲ್ಲೇ. ಈ ದಡದಲ್ಲಿ ಶುರುವಾದ ಮಾತು ಆ ದಡಕ್ಕೆ ಹೋಗುವಾಗ ಜಾತಕದವರೆಗೆ ಬಂದಿತ್ತಂತೆ.

ಹೊಸ ಮುಖ ಕಂಡರೆ ಮೊದಲ ಪ್ರಶ್ನೆ "ಯಾವೂರಾತು?" ಎರಡನೇದು "ಯಾರ ಮನೆ?" ಅಜ್ಜನ ಹೆಸರು ಹೇಳಿದರೆ ಮುಗಿಯಿತು. ಕೂರಲು ಜಾಗ ಕೊಡುತ್ತಿದ್ದರು.

2023ರಲ್ಲಿ ಬಂದೆನಲ್ಲ, ನನ್ನ ಕಾರಿನ ನಂಬರ್ ಕೆಎ-05. ಬೆಂಗಳೂರಿನದು. ಸಾಗರದ ಗಾಡಿಗಳಿಗೆ ಕೆಎ-15. ಒಂದೇ ಒಂದು ಅಂಕಿ ವ್ಯತ್ಯಾಸ ನೋಡಿ. ಒಂದು ಭಾನುವಾರ ಹೊಳೆಬಾಗಿಲಿನಲ್ಲಿ ಸಿಗಂದೂರು ದೇವಸ್ಥಾನಕ್ಕೆ ಬಂದ ಕಾರುಗಳ ಉದ್ದ ಸಾಲು. ಸಾಲಿನ ತುದಿಯಲ್ಲಿ ನಿಂತೆ. ಬೈಕಿನಲ್ಲಿ ಬಂದ ಹುಡುಗನೊಬ್ಬ ಕಿಟಕಿ ಹತ್ತಿರ ಬಗ್ಗಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಮೇಡಂ, ಇವತ್ತು ರಶ್ಶು ಜಾಸ್ತಿ. ಕಾರು ಇಲ್ಲೇ ಇಟ್ಟು ನಡ್ಕೊಂಡು ಲಾಂಚ್ ಹತ್ತಿ. ಆಚೆ ದಡದಲ್ಲಿ ಜೀಪು ಸಿಗ್ತಾವೆ, ಬೇಗ ದರ್ಶನ ಆಗ್ತದೆ."

ನಾನು ಆಚೆ ದಡದವಳೇ ಅಂದೆ. ನಂಬರ್ ಪ್ಲೇಟು ನೋಡಿದ. ನನ್ನ ಕಪ್ಪು ಕನ್ನಡಕ ನೋಡಿದ. "ಹೌದಾ" ಅಂದ. ಯಾವೂರಾತು ಅಂತ ಕೇಳಲಿಲ್ಲ. ಕೇಳಿದ್ದರೆ ಅಜ್ಜನ ಹೆಸರು ರೆಡಿ ಇಟ್ಟುಕೊಂಡಿದ್ದೆ.

ಆಮೇಲೆ ವಿಚಾರಿಸಿದೆ. ಒಂದೇ ರಾಜ್ಯದೊಳಗೆ ಊರು ಬದಲಾಯಿಸಿದರೆ ಆರ್‌ಸಿಯಲ್ಲಿ ವಿಳಾಸ ಬದಲಾಗುತ್ತದೆ, ನಂಬರ್ ಅದೇ ಇರುತ್ತದೆ. ಈ ಕಾರು ಇರುವ ತನಕ ನಾನು ಕೆಎ-05.

ಅದೇ ವರ್ಷ ಜೂನಿನಲ್ಲಿ ಮಳೆ ತಡವಾಯಿತು. ನೀರು ಇಳಿದು ಲಾಂಚಿಗೆ ವಾಹನ ಹತ್ತಿಸುವುದು ನಿಂತಿತು. ಹಿನ್ನೀರು ಒಣಗಿ ಕೆಂಪು ಬಯಲು. ಮುಳುಗಿದ ಮರಗಳ ಬೊಡ್ಡೆಗಳು ಸಾಲಾಗಿ ಎದ್ದು ನಿಂತಿದ್ದವು. ಅಮ್ಮ ಮಂಡಿ ನೋವಿನಲ್ಲೂ ಅಂಗಳದ ತುದಿಗೆ ಬಂದು, ಕೈ ಚಾಚಿ, "ಅಲ್ಲಿ, ಆ ದಿಬ್ಬದ ಎಡಕ್ಕೆ, ನಮ್ಮ ಬಾವಿ" ಅಂದರು. ನನಗೆ ಕಂಡದ್ದು ಬರೀ ಕೆಸರು. ಅಮ್ಮನ ಊರು ನೀರಿನಡಿ, ಬೇಸಿಗೆ ಜೋರಾದರೆ ವಾಪಸ್ ಬರುತ್ತದೆ. ನನ್ನ ಊರು ನೀರಿನ ಮೇಲಿತ್ತು, ಲಾಂಚಿನಲ್ಲಿ. ಅದು ವಾಪಸ್ ಬರಲ್ಲ.

ಈಗ ಸೇತುವೆ. ರಸ್ತೆ ಅಗಲ ಇದೆ, ನುಣುಪಾಗಿದೆ. ಪಕ್ಕದಲ್ಲಿ ನಡೆಯುವವರಿಗೂ ಜಾಗ ಇದೆ. ಗಾಳಿ ಮಾತ್ರ ಭಯಂಕರ. ಮಳೆಗಾಲದಲ್ಲಿ ಸ್ಕೂಟಿಯಲ್ಲಿ ಹೋಗುವವರು ಹುಷಾರು, ರೇನ್‌ಕೋಟು ಹಾಯಿಪಟ ಆಗಿಬಿಡುತ್ತದೆ. ಭಾನುವಾರ ನಟ್ಟನಡುವೆ ಕಾರು ನಿಲ್ಲಿಸಿ ಫೋಟೋ ತೆಗೆಯುವವರ ಕಾಟ ಇದೆ. ದಯವಿಟ್ಟು ದಡದಲ್ಲಿ ನಿಲ್ಲಿಸಿ ನಡೆದು ಬನ್ನಿ. ನೋಡಲು ಒಳ್ಳೆಯ ಹೊತ್ತು ಬೆಳಗ್ಗೆ ಆರೂವರೆ. ಹೊಳೆಯ ಮೇಲೆ ಮಂಜು ಕೂತಿರುತ್ತದೆ, ಸೇತುವೆ ಅರ್ಧಕ್ಕೇ ಮುಗಿದ ಹಾಗೆ ಕಾಣುತ್ತದೆ. ಸಾಗರದ ಕಡೆ ಇನ್ನೂ ಇದೆಯಾ ಅಂತ ಅನುಮಾನ ಬರುವಷ್ಟು.

ಆದರೆ ಇದನ್ನೆಲ್ಲ ಬರೆಯುವಂತೆ ಮಾಡಿದ್ದು ಉದ್ಘಾಟನೆಯ ದಿನದ ವಾಟ್ಸಾಪ್ ಸ್ಟೇಟಸ್. ಅವತ್ತು ಜಿಎಸ್‌ಟಿ ಬಂಡೆ ಮೇಲೆ ಕೂತು ಒಂದೊಂದೇ ನೋಡಿದೆ. ಬೆಂಗಳೂರು, ಮೈಸೂರು, ದುಬೈನಲ್ಲಿರುವ ನಮ್ಮವರೆಲ್ಲ ಹಾಕಿದ್ದು ಲಾಂಚಿನ ಫೋಟೋ. ಅಳುವ ಮುಖ, ಕೈಮುಗಿಯುವ ಚಿತ್ರ, "ಮರೆಯಲಾರೆ ಗೆಳೆಯಾ" ಅಂತ ಸಾಲು. ಊರಿನಲ್ಲೇ ಇರುವವರು ಹಾಕಿದ್ದು ಸೇತುವೆ. ಪಟಾಕಿ, ಡೊಳ್ಳು, ಸೇತುವೆ ಮೇಲೆ ಕೈ ಮೇಲೆತ್ತಿ ನಿಂತ ಅಣ್ಣ. ಒಬ್ಬರೂ ಅತ್ತಿರಲಿಲ್ಲ.

ನಾನು ಯಾವುದು ಹಾಕಿದ್ದೆ? ಲಾಂಚು.

ಅತ್ತಿಗೆ ರಾತ್ರಿ ಊಟಕ್ಕೆ ಬಡಿಸುತ್ತಾ ಹೇಳಿದರು: "ನಿನ್ನ ಸ್ಟೇಟಸ್ ನೋಡ್ದೆ. ನೀ ಇನ್ನೂ ಬೆಂಗ್ಳೂರಲ್ಲೇ ಇದ್ದೀಯ ಮಾರಾಯ್ತಿ."

ಕೋಪದಲ್ಲಿ ಹೇಳಿದ್ದಲ್ಲ. ಆದರೆ ಅತ್ತಿಗೆಗೆ ಆ ಮಾತು ಆಡುವ ಹಕ್ಕಿದೆ. 2004ರ ಮಳೆಗಾಲದಲ್ಲಿ ಅವರಿಗೆ ಹೆರಿಗೆ ನೋವು ಬಂದದ್ದು ರಾತ್ರಿ ಹತ್ತಕ್ಕೆ. ಸಂಜೆಯ ಕೊನೇ ಲಾಂಚ್ ಹೋಗಿ ಎಷ್ಟೋ ಹೊತ್ತಾಗಿತ್ತು. ಜೀಪಿನಲ್ಲಿ ಸುತ್ತು ದಾರಿ ಹಿಡಿದರು. ಕಾಡು, ಕೆಸರು, ದಾರಿಗೆ ಅಡ್ಡ ಬಿದ್ದ ಮರ. ಅಣ್ಣ ಕತ್ತಿ ಹಿಡಿದು ಕೊಂಬೆ ಕಡಿದದ್ದು, ಜೀಪಿನ ಡ್ರೈವರು ಚೌಡಮ್ಮನಿಗೆ ಕೋಳಿ ಹರಕೆ ಹೊತ್ತದ್ದು, ಇದನ್ನೆಲ್ಲ ಈಗ ನಗುತ್ತಾ ಹೇಳುತ್ತಾರೆ. ತಾಯಿ ಮಗು ಉಳಿದರು ಅಂತ ನಗು. ನಾನು ಆ ರಾತ್ರಿ ಬಸವನಗುಡಿಯ ಪಿಜಿಯಲ್ಲಿ ಮಲಗಿದ್ದೆ. ಗೋಡೆಗೆ ನಮ್ಮ ಸೀಮೆಯ ಚಿತ್ತಾರದ ಫ್ರೇಮು ತೂಗುಹಾಕಿಕೊಂಡಿದ್ದೆ, ದುಡ್ಡು ಕೊಟ್ಟು ಕೊಂಡದ್ದು. ಅಜ್ಜಿ ಪುಂಡಿ ನಾರಿನ ಕುಂಚದಲ್ಲಿ ಅದನ್ನೇ ಪ್ರತಿ ಭೂಮಿ ಹುಣ್ಣಿಮೆಗೂ ಬುಟ್ಟಿಯ ಮೇಲೆ ಬರೆಯುತ್ತಿದ್ದರು. ನಾನು ಕಲಿಯಲಿಲ್ಲ. ಅತ್ತಿಗೆ ಮದುವೆಯಾಗಿ ಬಂದು ಕಲಿತರು.

ಈ ವಿಮರ್ಶೆಗೆ ಅವತ್ತೇ ನಾಲ್ಕು ಸಾಲು ಗೀಚಿದ್ದೆ. ಲಾಂಚಿಗೆ 5, ಸೇತುವೆಗೆ 3. ಅಳಿಸಿದೆ. ಕಾಯುವುದು ಚಂದ ಅಂತ ಹೇಳುವವರು ಕಾಯಬೇಕಾಗಿಲ್ಲದವರು. ನನಗೆ ಲಾಂಚ್ ಚಂದ ಕಂಡದ್ದು ನಾನು ಅದರಲ್ಲಿ ರಜೆಗೆ ಬರುತ್ತಿದ್ದುದಕ್ಕೆ. ವಾಪಸ್ ಬಂದ ಮೇಲೂ ಅದೇ ಕಣ್ಣು. ಇಪ್ಪತ್ತನಾಲ್ಕು ವರ್ಷ ಬೇರೆ ಕಡೆ ಇದ್ದು, ಊರು ಮಾತ್ರ ನಾನು ಬಿಟ್ಟಲ್ಲೇ ನಿಂತಿರಬೇಕು ಅಂದರೆ ಹೇಗೆ?

ಹಾಗಾದರೆ 5 ಯಾಕೆ ಕೊಡಲಿಲ್ಲ?

ಸೇತುವೆ ಯಾರನ್ನೂ ಏನೂ ಕೇಳಲ್ಲ. ಕೆಎ-05 ಆದರೂ ಕೆಎ-15 ಆದರೂ ಒಂದೇ. ಇದು ನನಗೆ ಅನುಕೂಲವೇ. ಈಗ ಯಾರೂ ನನ್ನನ್ನು ದರ್ಶನಕ್ಕೆ ಬಂದವಳು ಅಂತ ತಿಳಿಯುವುದಿಲ್ಲ, ತಿಳಿದುಕೊಳ್ಳುವಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ. ಆದರೆ ಮೊನ್ನೆ ನಮ್ಮೂರಿನವರೊಬ್ಬರ ಸಾವಿನ ಸುದ್ದಿ ನನಗೆ ನಾಲ್ಕು ದಿನ ತಡವಾಗಿ ಗೊತ್ತಾಯಿತು. ಲಾಂಚ್ ಇದ್ದಿದ್ದರೆ ಅದೇ ಬೆಳಗ್ಗೆ ಗೊತ್ತಾಗುತ್ತಿತ್ತು. ಎರಡು ದಡದಲ್ಲೂ ನೆರಳಿರುವ ಒಂದು ಕಟ್ಟೆ, ಒಂದು ಟೀ ಅಂಗಡಿ, ಬಸ್ಸಿಗೆ ಕಾಯುವವರು ಕೂರುವಷ್ಟು ಜಾಗ ಮಾಡಿದರೆ ಆ ಒಂದು ನಕ್ಷತ್ರ ವಾಪಸ್ ಕೊಡುತ್ತೇನೆ. ದೊಡ್ಡ ಬೇಡಿಕೆ ಏನಲ್ಲ ಅಲ್ವಾ? ಇದೇ ಹಿನ್ನೀರಿಗೆ ಹಸಿರುಮಕ್ಕಿ ಕಡೆ ಇನ್ನೊಂದು ಸೇತುವೆ ಮಾಡುವವರೂ ಇದನ್ನು ಓದಲಿ.

ಕಳೆದ ಶನಿವಾರ ಅಮ್ಮನನ್ನು ಸಾಗರಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ, ಅತ್ತಿಗೆಯೂ ಬಂದಿದ್ದರು. ಹೊರಡುವಾಗ ಕತ್ತಲಾಗಿತ್ತು. ಮೊದಲಾದರೆ ಮಧ್ಯಾಹ್ನ ಮೂರರಿಂದಲೇ ಗಡಿಯಾರ ನೋಡುವುದು. ಅವತ್ತು ಯಾರೂ ನೋಡಲಿಲ್ಲ. ಅತ್ತಿಗೆ ಪೇಟೆಯಲ್ಲಿ ಕಾರು ನಿಲ್ಲಿಸು ಅಂದರು. ಬಾಣಲೆಯಿಂದ ಆಗಷ್ಟೇ ತೆಗೆದ ಬೋಂಡಾ ಹತ್ತು ಕಟ್ಟಿಸಿ, ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರು. ಸೇತುವೆ ಬಂದಾಗಲೂ ಕಿಟಕಿಯಾಚೆ ನೋಡಲಿಲ್ಲ. ಆಗಾಗ ಡಬ್ಬಿ ಮುಟ್ಟಿ ನೋಡುತ್ತಿದ್ದರು.

ಮನೆಗೆ ಬಂದು ಮುಚ್ಚಳ ತೆಗೆದರು. "ನೋಡು, ಬೆಚ್ಚಗಿದೆ" ಅಂತ ಅಣ್ಣನ ಕೈಗೆ ಒಂದು ಕೊಟ್ಟರು. ನಂಬದೆ ಅಣ್ಣ ಅದನ್ನು ಕೆನ್ನೆಗೆ ಒತ್ತಿ ನೋಡಿದ.