ಹಳೆ ಆಂಪ್ಲಿಫೈಯರ್ ಡಬ್ಬದಲ್ಲಿ ಹೋಮ್ ಥಿಯೇಟರ್ ಕಂಪ್ಯೂಟರ್: ವರ್ಷಗಟ್ಟಲೆ ಬಳಸಿದ ಮೇಲೆ

ಈಗಿನ ಸಿನಿಮಾಗಳಲ್ಲಿ ಮಾತು ಕೇಳಬೇಕೆಂದರೆ ಕಿವಿ ನಿಮಿರಿಸಿ ಕೂರಬೇಕು, ಫೈಟ್ ಶುರುವಾದರೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುತ್ತಾರೆ. ರಿಮೋಟ್ ಹುಡುಕಿ, ಬಟನ್ ಒತ್ತಿ ಒತ್ತಿ ಸೌಂಡ್ ಇಳಿಸುವಷ್ಟರಲ್ಲಿ ಫೈಟೇ ಮುಗಿದಿರುತ್ತೆ. ನಮ್ಮನೆಯಲ್ಲಿ ಈಗ ಆ ರಗಳೆ ಇಲ್ಲ. ಸೋಫಾ ಪಕ್ಕದ ಸ್ಟೂಲಿನ ಮೇಲೆ ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಕೂತಿದೆ. ಅದರ ಅಲ್ಯೂಮಿನಿಯಂ ನಾಬ್ ಮೇಲೆ ಯಾರದ್ದಾದರೂ ಕೈ ಇದ್ದೇ ಇರುತ್ತೆ. ಒಳಗಿರುವುದು ಮಾತ್ರ ಕಂಪ್ಯೂಟರ್.

ಡಬ್ಬ ಸಿಕ್ಕಿದ್ದು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ, ಚೌಕಾಸಿ ಮಾಡಿ 800 ರೂಪಾಯಿಗೆ. ಸ್ಟೀರಿಯೋಗಳಲ್ಲಿ ಸೋನೊಡೈನ್, ಕಾಸ್ಮಿಕ್ ಹೆಸರುಗಳು ಓಡುತ್ತಿದ್ದ ಕಾಲದ್ದು. ಒಳಗಿನ ಬೋರ್ಡ್ ಅರ್ಧ ಯಾರೋ ಕಿತ್ತುಕೊಂಡಾಗಿತ್ತು. ರಿಪೇರಿಯಾಗುವಂಥ ಆಂಪ್ಲಿಫೈಯರನ್ನು ಬಗೆದು ಕಂಪ್ಯೂಟರ್ ತುಂಬಬೇಡಿ, ಪಾಪ ಸುತ್ತಿಕೊಳ್ಳುತ್ತೆ. ಒಳಗೆ ಹಾಕಿದ್ದು ಎಸ್.ಪಿ. ರಸ್ತೆಯಿಂದ ತಂದ ಇಂಟೆಲ್ ಎನ್100 ಚಿಪ್ಪಿನ, ಫ್ಯಾನ್ ಇಲ್ಲದ ಮಿನಿ ಐಟಿಎಕ್ಸ್ ಎಂಬ ಪುಟ್ಟ ಅಳತೆಯ ಕಂಪ್ಯೂಟರ್ ಬೋರ್ಡ್. ಅದರ ಮೇಲೆ ಲಿಬ್ರೆಎಲೆಕ್ ಎಂಬ ಪುಟ್ಟ ಲಿನಕ್ಸ್, ಸಿನಿಮಾ ಓಡಿಸುವುದಕ್ಕೆ ಕೋಡಿ ಎಂಬ ತಂತ್ರಾಂಶ. ಸ್ಪೆಸಿಫಿಕೇಶನ್ ಎಲ್ಲ ಕಡೆ ಸಿಗುತ್ತೆ, ಬಿಡಿ.

ಆಂಪ್ಲಿಫೈಯರ್ ಡಬ್ಬಗಳ ಒಂದು ಗುಣ ಎಂದರೆ ಅವನ್ನು ಮಾಡಿದ್ದೇ ಬಿಸಿ ಹೊರಹಾಕುವುದಕ್ಕೆ. ತಳದಲ್ಲೂ ಮೇಲೂ ಸೀಳುಗಳಿರುತ್ತವೆ; ಕೆಳಗಿನಿಂದ ತಂಪು ಗಾಳಿ ಬಂದು ಮೇಲಿನಿಂದ ಬಿಸಿ ಗಾಳಿ ಹೋಗುತ್ತೆ. 43 ಸೆಂ.ಮೀ. ಅಗಲದ ಡಬ್ಬದಲ್ಲಿ 17 ಸೆಂ.ಮೀ. ಚೌಕದ ಬೋರ್ಡ್ ಆರಾಮಾಗಿ ಒಂದು ಮೂಲೆ ಹಿಡಿದು ಕೂರುತ್ತೆ. ಫ್ಯಾನೇ ಇಲ್ಲವಾದ್ದರಿಂದ ರಾತ್ರಿ ಸಿನಿಮಾ ಮಧ್ಯೆ ಗುಂಯ್ ಅನ್ನುವ ಸದ್ದೂ ಇಲ್ಲ.

ಒಳಗಿನ ಟ್ರಾನ್ಸ್‌ಫಾರ್ಮರ್ ತೆಗೆದರೆ ಡಬ್ಬ ಹಗುರಾಗುತ್ತೆ, ಪವರ್ ಬಟನ್ ಒತ್ತಿದರೆ ಬಟನ್ ಒಳಗೆ ಹೋಗುವ ಬದಲು ಡಬ್ಬವೇ ಹಿಂದಕ್ಕೆ ಜಾರುತ್ತೆ. ಅದಕ್ಕೇ ಸತ್ತ ಟ್ರಾನ್ಸ್‌ಫಾರ್ಮರನ್ನು ತಂತಿ ಕತ್ತರಿಸಿ ಅಲ್ಲೇ ಬಿಟ್ಟಿದ್ದೇನೆ, ಬರೀ ಭಾರಕ್ಕೆ. ಬಿಚ್ಚುವವರು ಕರೆಂಟ್ ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಇಟ್ಟು ಖಾಲಿ ಮಾಡಿಯೇ ಕೈ ಹಾಕಿ. ಹಳೇ ಎರಡು ಪಿನ್ ವೈರ್ ಬಿಸಾಕಿ. ಲೋಹದ ಡಬ್ಬಕ್ಕೆ ಅರ್ಥಿಂಗ್ ಇರಲೇಬೇಕು. ಇನ್ನು ಆ ಪವರ್ ಬಟನ್ ಒತ್ತಿದರೆ ಒಳಗೇ ನಿಲ್ಲುವ ಜಾತಿಯದು, ಕಂಪ್ಯೂಟರ್‌ಗೆ ಬೇಕಾದದ್ದು ಒತ್ತಿ ಬಿಡುವಂಥದ್ದು. ಒತ್ತಿದಂತೆಯೇ ಉಳಿದರೆ ನಾಲ್ಕೈದು ಸೆಕೆಂಡಿನಲ್ಲಿ ಕಂಪ್ಯೂಟರ್ ಪೂರ್ತಿ ಆಫ್ ಆಗುತ್ತೆ. ಸ್ವಿಚ್ಚಿನೊಳಗೆ ಕೂದಲೆಳೆಯಂಥ ಒಂದು ತಂತಿಕೊಕ್ಕೆ ಇರುತ್ತೆ, ಅದನ್ನು ಎಳೆದು ತೆಗೆದರೆ ಸಾಕು, ಬಟನ್ ಒಳಗೆ ನಿಲ್ಲುವುದಿಲ್ಲ.

ಇಷ್ಟೆಲ್ಲ ಮಾಡಿದ್ದು ಆ ನಾಬ್‌ಗಾಗಿ. ನಾಬ್ ಹಿಂದಿದ್ದ ಹಳೇ ಪೊಟೆನ್ಶಿಯೋಮೀಟರ್ ಜಾಗದಲ್ಲಿ ಯಾವ ಕಡೆ ಎಷ್ಟು ತಿರುಗಿತು ಎಂದು ಹೇಳುವ ರೋಟರಿ ಎನ್‌ಕೋಡರ್, ಅದರ ಹಿಂದೆ ತಾನು ಕೀಬೋರ್ಡ್ ಎಂದು ಕಂಪ್ಯೂಟರನ್ನು ನಂಬಿಸುವ ಆರ್ಡ್ವಿನೋ ಎಂಬ ಒಂದು ಪುಟ್ಟ ಬೋರ್ಡ್. ತಿರುಗಿಸಿದಂತೆ ವಾಲ್ಯೂಮ್ ಕೀ ಒತ್ತಿದ ಹಾಗೆ. ಕಟಕಟ ಅನ್ನುವ ಎನ್‌ಕೋಡರ್ ತರಬೇಡಿ. ನುಣ್ಣಗೆ ತಿರುಗುವುದು ತನ್ನಿ. ಭಾರದ ನಾಬ್ ಎರಡು ಬೆರಳಲ್ಲಿ ಬೆಣ್ಣೆಯಂತೆ ತಿರುಗುತ್ತೆ. ಒಂದು ವಿಷಯ: ಕೋಡಿಯಲ್ಲಿ ಪಾಸ್‌ಥ್ರೂ ಎಂಬ ಸೆಟ್ಟಿಂಗ್ ಆನ್ ಇದ್ದರೆ ಡಾಲ್ಬಿ ಸೌಂಡ್ ಹಾಗೇ ಸೌಂಡ್‌ಬಾರ್‌ಗೆ ಹೋಗಿಬಿಡುತ್ತೆ, ನಾಬ್ ಎಷ್ಟು ತಿರುಗಿಸಿದರೂ ಏನೂ ಆಗಲ್ಲ. ಅದನ್ನು ಆಫ್ ಮಾಡಿ. ಡಬ್ಬವನ್ನು ಟಿವಿ ಕೆಳಗೆ ಇಡದೆ, ಉದ್ದದ ಎಚ್‌ಡಿಎಂಐ ಕೇಬಲ್ ಎಳೆದು ಕೂರುವ ಜಾಗದ ಪಕ್ಕ ಇಡಿ. ಎದ್ದು ಹೋಗಿ ತಿರುಗಿಸಬೇಕಾದರೆ ಆ ನಾಬ್ ಯಾತಕ್ಕೆ?

ರಾತ್ರಿ ಊಟ ಮುಗಿಸಿ ಅಮ್ಮ ಅಡಿಕೆ ಡಬ್ಬಿ ಹಿಡಿದು ಬಂದು ಕೂರುತ್ತಾರೆ, ಎಡಗೈ ನಾಬ್ ಮೇಲೆ. ಹೀರೋ ತೋಳು ಮಡಚಿದ ಎಂದರೆ ಕೈ ತಾನಾಗಿ ಎಡಕ್ಕೆ ತಿರುಗುತ್ತೆ, ಹೊಡೆತ ಬೀಳುವ ಮೊದಲೇ. ಸ್ಮಾರ್ಟ್ ರಿಮೋಟ್ ಮುಟ್ಟಲು ಹೆದರುತ್ತಿದ್ದವರು.

ಹೊಗಳಿದ್ದು ಇಲ್ಲಿಗೆ ಸಾಕು. ವೈಫೈ ಇದರೊಳಗೆ ಉಸಿರುಗಟ್ಟುತ್ತೆ. ಉಕ್ಕಿನ ಡಬ್ಬ ಸಿಗ್ನಲ್ ಬಿಡುವುದಿಲ್ಲ, ಹಿಂದಿನ ಫೋನೋ ಸಾಕೆಟ್ ತೂತಿನಿಂದ ಆಂಟೆನಾ ಹೊರಗೆ ತರಬೇಕಾಯಿತು. ಸಾಮಾನ್ಯ ಕಂಪ್ಯೂಟರ್ ಬೋರ್ಡ್‌ಗಳಲ್ಲಿ ಟಿವಿ ರಿಮೋಟಿನ ಆದೇಶವನ್ನು ಕೇಬಲ್ ಮೂಲಕ ತರುವ ಎಚ್‌ಡಿಎಂಐ ಸಿಇಸಿ ಇರುವುದಿಲ್ಲವಾದ್ದರಿಂದ ಟಿವಿ ರಿಮೋಟಿನಿಂದ ಕೋಡಿ ನಡೆಸಲಾಗದು. ರಾಸ್ಪ್‌ಬೆರ್ರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಾದರೆ ನಡೆಯುತ್ತೆ. "ಕಬ್ಬಿಣದ ಡಬ್ಬ ಬೋಳುಬೋಳಾಗಿ ಕಾಣುತ್ತೆ ಕಣೋ" ಎಂದು ಅಮ್ಮ ಕ್ರೋಶಾ ಬಟ್ಟೆ ಹೊದಿಸುತ್ತಾರೆ, ಮೇಲಿನ ಸೀಳು ಮುಚ್ಚಿ ಒಳಗೆ ಕಾಯುತ್ತೆ, ನಾನು ತೆಗೆಯುತ್ತೇನೆ, ಮರುದಿನ ಬಟ್ಟೆ ಮತ್ತೆ ಹಾಜರ್.

ನಿಜವಾಗಿ ಸಿಟ್ಟು ಬರುವುದು ಓಟಿಟಿ ವಿಷಯಕ್ಕೆ. ಕಳ್ಳ ಕಾಪಿ ತಡೆಯುವ ವೈಡ್‌ವೈನ್ ಬೀಗದಲ್ಲಿ ಎಲ್1 (ಗಟ್ಟಿ ಬೀಗ), ಎಲ್3 (ಸಡಿಲ ಬೀಗ) ಎಂಬ ಹಂತಗಳಿವೆ. ಲಿನಕ್ಸ್ ಕಂಪ್ಯೂಟರ್‌ಗೆ ದಕ್ಕುವುದು ಎಲ್3. ಅದನ್ನು ನೋಡಿದ ಕೂಡಲೇ ಹಲವು ಸೇವೆಗಳು ಚಿತ್ರದ ಗುಣಮಟ್ಟ ಇಳಿಸಿಬಿಡುತ್ತವೆ. ಕಟ್ಟುವುದು ಪೂರ್ತಿ ದುಡ್ಡು, ಕಾಣುವುದು ಮಂಜುಮಂಜು. ರ‍್ಯಾಮ್, ಎಸ್‌ಎಸ್‌ಡಿ ಸೇರಿ ನನಗೆ 20,000 ರೂಪಾಯಿ ಆಸುಪಾಸು ಬಿತ್ತು. ಅದರ ಕಾಲು ಭಾಗದ ಬೆಲೆಗೆ ಸಿಗುವ, ಟಿವಿಗೆ ಚುಚ್ಚುವ ಸ್ಟ್ರೀಮಿಂಗ್ ಸ್ಟಿಕ್ ಅದೇ ಸಿನಿಮಾವನ್ನು ಚೊಕ್ಕವಾಗಿ ತೋರಿಸುತ್ತೆ. ಓಟಿಟಿ ಮಾತ್ರ ನೋಡುವವರು ಸ್ಟಿಕ್ಕೇ ತಗೊಳ್ಳಿ. ನಮ್ಮಲ್ಲಿ ಡಿವಿಡಿಗಳಿಂದ ಇಳಿಸಿಟ್ಟ ಹಳೇ ಕನ್ನಡ ಸಿನಿಮಾ, ಮನೆಯ ಮದುವೆ ವಿಡಿಯೋಗಳೇ ಹೆಚ್ಚು ಓಡುವುದರಿಂದ ನಡೆಯುತ್ತಿದೆ.

ಬಾಸ್, ಟ್ರೆಬಲ್ ನಾಬ್‌ಗಳಿಗೆ ಇನ್ನೂ ವೈರ್ ಕೊಟ್ಟಿಲ್ಲ. ಬಾಸ್‌ಗೆ 30 ಸೆಕೆಂಡ್ ಹಿಂದೆ ಮುಂದೆ ಓಡಿಸುವ ಕೆಲಸ ಹಚ್ಚಬೇಕು ಅಂತಿದೆ. ಟ್ರೆಬಲ್ ಮುಟ್ಟಲು ಮಾವ ಬಿಡುತ್ತಿಲ್ಲ. ಅದನ್ನು ಸ್ವಲ್ಪ ಬಲಕ್ಕೆ ತಿರುಗಿಸಿದರೆ ಮಾತು ಸ್ಪಷ್ಟವಾಗಿ ಕೇಳುತ್ತೆ ಅಂತ ಅವರ ವಾದ.